ಇನ್ನೊಂದು ಫೋಟೋ

ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು, ಕುತ್ತಿಗೆಗೆ ಅಳತೆ ಟೇಪು ಇಳಿಬಿಟ್ಟುಕೊಂಡು, ಗಿರಾಕಿಯೊಬ್ಬಳ ಲಂಗದ ಅಂಚನ್ನು ಮಂಡಿಯೂರಿ ಮಡಿಸುತ್ತಿದ್ದ ಟೈಲರಮ್ಮನಿಗೆ ಬಾಗಿಲ ಕಡೆಯಿಂದ ಕ್ಲಿಕ್ ಎಂದು ಕೇಳಿಸಿತು. ಯಾರೆಂದು ತಿರುಗಿ ನೋಡುವ ಅಗತ್ಯವಿರಲಿಲ್ಲ.

"ಮಾವ," ಎಂದಳು, ಪಿನ್ನು ಉದುರದ ಹಾಗೆ ಹಲ್ಲಿನ ಸಂದಿಯಲ್ಲೇ.

"ಆಯ್ತಮ್ಮ, ಆಯ್ತು. ಒಂದೇ ಒಂದು."

ಇನ್ನೆರಡು ಸಲ ಕ್ಲಿಕ್ ಎಂದಿತು. ಮಾವನ ಲೆಕ್ಕದಲ್ಲಿ ಒಂದೆಂದರೆ ಮೂರು.

ಗಿರಾಕಿ ಲಂಗ ಹಿಡಿದುಕೊಂಡು ಪಕ್ಕಕ್ಕೆ ಸರಿದಳು. "ಇದೇನ್ರೀ, ಅಳತೆ ಕೊಡೋಕೆ ಬಂದೋರ ಫೋಟೋ ತೆಗೀತಾರೆ?"

"ಹೆದರಬೇಡಮ್ಮ, ನೀನು ಬಂದಿಲ್ಲ," ಎಂದರು ಮಾವ ಫೋನನ್ನು ಕಣ್ಣಿನ ಹತ್ತಿರಕ್ಕೂ ದೂರಕ್ಕೂ ಹಿಡಿದು. "ನಿನ್ನ ಮೊಣಕೈ ಬಂದಿದೆ, ಅಷ್ಟೆ. ನಮ್ಮ ಸೊಸೆ ಚೆನ್ನಾಗಿ ಬಂದಿದಾಳೆ. ಕೋಪದಲ್ಲಿದ್ರೆ ಅವಳ ಮುಖಕ್ಕೆ ಒಂದು ಕಳೆ."

"ಮೊಣಕೈ ಆದ್ರೇನು, ಅದೂ ನಂದೇ ಅಲ್ವಾ," ಎಂದು ಗಿರಾಕಿ ಅರ್ಧ ಮಡಿಸಿದ ಲಂಗದಲ್ಲೇ ಮೆಟ್ಟಿಲಿಳಿದು ಹೋದಳು. ಪಿನ್ನೂ ಹೋಯಿತು, ಗಿರಾಕಿಯೂ ಹೋದಳು.

ಮಾವ ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಲ್ಲಿಂದ ಮೊನ್ನೆಮೊನ್ನೆಯವರೆಗೆ ಅವರು ಮನೆಯಲ್ಲಿ ಇದ್ದರೂ ಇಲ್ಲದ ಹಾಗೆ, ಮೂಲೆಯ ಕುರ್ಚಿಯಲ್ಲಿ ಪೇಪರು ಓದಿಕೊಂಡು ಇದ್ದವರು. ಆರು ತಿಂಗಳ ಹಿಂದೆ ಮೊಮ್ಮಗಳು ಹೊಸ ಫೋನು ತೆಗೆದುಕೊಂಡು ಹಳೆಯದನ್ನು ತಾತನ ಕೈಗಿಟ್ಟಳು. ದೊಡ್ಡವರ ಬಗ್ಗೆ ಹಾಗೆ ಹೇಳಬಾರದು, ಆದರೆ ಕೋತಿಗೆ ಕನ್ನಡಿ ಸಿಕ್ಕಿದ ಹಾಗಾಯಿತು. ನಿವೃತ್ತ ನೌಕರರ ಪಾಸು ಇತ್ತು, ಎಲ್ಲಿಗೆ ಬೇಕಾದರೂ ಬಸ್ಸು ಹತ್ತಬಹುದಿತ್ತು. ಹಳೆಯ ಸ್ನೇಹಿತರ ಮನೆಗಳಿಗೆ ಸರದಿಯ ಮೇಲೆ ಹೋಗತೊಡಗಿದರು. ಹೋಗುವಾಗ ಬಸ್ಸಿನಲ್ಲಿದ್ದವರ ಫೋಟೋ, ಹೋದ ಮನೆಯಲ್ಲಿದ್ದವರ ಫೋಟೋ, ಬರುವಾಗ ಮತ್ತೆ ಬಸ್ಸಿನಲ್ಲಿದ್ದವರ ಫೋಟೋ. ಮರ, ಗುಡ್ಡ, ಸೂರ್ಯಾಸ್ತ ಒಂದೂ ಇಲ್ಲ. ಬರೀ ಜನ. ಅದೂ ಬಾಯಿ ತೆರೆದು ನಿದ್ದೆ ಮಾಡುವವರು, ತುತ್ತು ಬಾಯಿಗಿಡುತ್ತಿರುವವರು, ಮೂಗು ಒರೆಸಿಕೊಳ್ಳುವವರು.

ಅವತ್ತು ರಾತ್ರಿಯ ಊಟಕ್ಕೆ ಕುಳಿತಾಗ ಟೈಲರಮ್ಮ ಗಂಡನ ತಟ್ಟೆಗೆ ಅನ್ನ ಹಾಕುತ್ತಾ ಶುರುಮಾಡಿದಳು. ಗಂಡ ಪಂಪು ರಿಪೇರಿ ಮಾಡುವವನು. ನೀರೆತ್ತುವ ಯಾವ ಯಂತ್ರ ಕೆಟ್ಟರೂ ಸರಿಮಾಡುತ್ತಿದ್ದ, ಮನೆಯ ವಿಷಯ ಬಂದರೆ ಕೈ ತೊಳೆದುಕೊಳ್ಳುತ್ತಿದ್ದ.

"ಈ ತಿಂಗಳಲ್ಲಿ ಇದು ಎರಡನೇ ಗಿರಾಕಿ. ನಿಮ್ಮಪ್ಪನಿಗೆ ನೀವು ಒಂದು ಮಾತು ಹೇಳ್ತೀರೋ ಇಲ್ವೋ?"

"ಅಪ್ಪ ಇಲ್ಲೇ ಕೂತಿದಾರಲ್ಲ, ನೀನೇ ಹೇಳು."

"ನಾನು ಹೇಳಿದ್ರೆ ಸೊಸೆ ಬೈದಳು ಅಂತಾಗುತ್ತೆ."

"ನಾನು ಹೇಳಿದ್ರೆ ಮಗ ಬೈದ ಅಂತಾಗುತ್ತೆ. ಅನ್ನ ಸಾಕು."

ಮಾವ ತಟ್ಟೆ ಪಕ್ಕಕ್ಕೆ ಫೋನಿಟ್ಟುಕೊಂಡು ಬೆರಳಿನಿಂದ ಸರಿಸುತ್ತಿದ್ದರು. "ನೋಡಮ್ಮ ಇಲ್ಲಿ. ಇವನ್ಯಾರೋ ಗೊತ್ತಿಲ್ಲ, ಸೇತುವೆ ಹತ್ರ ಹತ್ತಿದ. ಮಡಿಲಲ್ಲಿ ಮೀನಿನ ಬುಟ್ಟಿ ಇಟ್ಕೊಂಡು ಹೇಗೆ ನಿದ್ದೆ ಮಾಡ್ತಿದಾನೆ ನೋಡು."

"ಗೊತ್ತಿಲ್ಲದವನ ಫೋಟೋ ಯಾಕೆ ಮಾವ ನಿಮಗೆ?"

"ಮೂವತ್ತನಾಲ್ಕು ವರ್ಷ ಇವರನ್ನೆಲ್ಲ ಬೆನ್ನ ಹಿಂದೆ ಕೂರಿಸಿಕೊಂಡು ಓಡಿಸಿದೀನಿ. ಒಬ್ಬರ ಮುಖ ನೋಡಿಲ್ಲ. ಡ್ರೈವರ್ ಹಿಂದೆ ತಿರುಗಿದ್ರೆ ಬಸ್ಸು ಹಳ್ಳಕ್ಕೆ."

"ಈಗ ನೀವು ಮುಖ ನೋಡ್ತಿದೀರಿ, ಹಳ್ಳಕ್ಕೆ ಬೀಳ್ತಿರೋದು ನನ್ನ ಅಂಗಡಿ."

ಮೊಮ್ಮಗಳು ಫಕ್ಕನೆ ನಕ್ಕಳು. "ನೀನು ನಗಬೇಡ. ಅವರ ಕೈಗೆ ಅದನ್ನ ಕೊಟ್ಟವಳೇ ನೀನು," ಎಂದು ಟೈಲರಮ್ಮ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

ಮರುವಾರವೇ ಬಸ್ ನಿಲ್ದಾಣದ ಕಚೇರಿಯಿಂದ ಫೋನು ಬಂತು. ಗಂಡ ಯಾವುದೋ ಬಾವಿಯೊಳಗಿದ್ದ. ಟೈಲರಮ್ಮ ಅಂಗಡಿಗೆ ಬೀಗ ಹಾಕಿ ಓಡಿದಳು. ಕಚೇರಿಯ ಬೆಂಚಿನ ಒಂದು ತುದಿಯಲ್ಲಿ ಮಾವ ಕೂತಿದ್ದರು. ಇನ್ನೊಂದು ತುದಿಯಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು. ಬಸ್ಸಿನಲ್ಲಿ ನಿದ್ದೆ ಹೋಗಿದ್ದ ಅವಳ ಹೆಗಲ ಮೇಲೆ ಮಗು ಅವಳ ಕೂದಲು ಬಾಯಲ್ಲಿಟ್ಟುಕೊಂಡು ಚೀಪುತ್ತಿತ್ತಂತೆ. ಮಾವ ಬಿಡುತ್ತಾರೆಯೇ? ಕ್ಲಿಕ್ ಸದ್ದಿಗೆ ಅವಳು ಎದ್ದಿದ್ದಳು. ಮೇಜಿನ ಹಿಂದಿದ್ದ ಅಧಿಕಾರಿ ಒಂದು ಕಾಲಕ್ಕೆ ಮಾವನ ಕೈಕೆಳಗೆ ಸ್ಟೀರಿಂಗು ಹಿಡಿಯಲು ಕಲಿತವನು. ಅವನಿಗೆ ಬೈಯಲೂ ಆಗದು, ಬಿಡಲೂ ಆಗದು.

"ಅಳಿಸಿಬಿಡಿ ಸಾರ್, ಮುಗೀತು," ಎಂದ ಅವನು ಪೇಪರ್‌ವೇಟು ತಿರುಗಿಸುತ್ತ.

"ಎಷ್ಟು ಚೆನ್ನಾಗಿ ಬಂದಿದೆ ಅಂದ್ರೆ," ಎಂದರು ಮಾವ.

"ಮಾವ," ಎಂದಳು ಟೈಲರಮ್ಮ.

ಅಳಿಸಿದರು. ಟೈಲರಮ್ಮ ಆ ಹೆಂಗಸಿನ ಕ್ಷಮೆ ಕೇಳಿದಳು, ಅಧಿಕಾರಿಯ ಕ್ಷಮೆ ಕೇಳಿದಳು. ಇಬ್ಬರೂ ಮನೆಗೆ ಬಂದರು. ಬಾಗಿಲ ಬೀಗ ತೆಗೆಯುತ್ತಾ ಹೇಳಿದಳು: "ಇನ್ನು ಮೇಲೆ ಕೇಳದೆ ಒಬ್ಬರ ಫೋಟೋನೂ ತೆಗೆಯೋ ಹಾಗಿಲ್ಲ. ಒಪ್ಪಿಗೆ ಇದ್ರೆ ಫೋನು ಇಟ್ಕೊಳ್ಳಿ, ಇಲ್ಲದಿದ್ರೆ ಇಲ್ಲಿ ಕೊಡಿ."

ಮಾವ ಒಪ್ಪಿದರು. ಎರಡು ವಾರ ಕೇಳಿಯೇ ತೆಗೆದರು. ಕೇಳಿದ ಕೂಡಲೇ ಜನ ನೆಟ್ಟಗೆ ನಿಂತು, ಕೈ ತೊಡೆಗಂಟಿಸಿ, ಉಸಿರು ಬಿಗಿಹಿಡಿಯುತ್ತಿದ್ದರು. "ಎಲ್ಲರೂ ಗುರುತಿನ ಚೀಟಿಗೆ ನಿಂತ ಹಾಗೆ ಬರ್ತಾರೆ," ಎಂದು ಮಾವ ಊಟದ ಹೊತ್ತಿನಲ್ಲಿ ಗೊಣಗಿದರು. ಕೊನೆಗೆ ಅವರು ನಿಯಮಕ್ಕೆ ಒಂದು ಕಿಂಡಿ ಕೊರೆದುಕೊಂಡರು: ಪರಿಚಯವಿಲ್ಲದವರನ್ನು ಕೇಳಬೇಕು ಸರಿ, ಆದರೆ ಸ್ನೇಹಿತರ ಮನೆ ಅಂದರೆ ಸ್ವಂತ ಮನೆ. ಅಲ್ಲಿ ಕೇಳುವುದೇನು?

ಅಂಥ ಮನೆಗಳಲ್ಲಿ ಮೊದಲನೆಯದು ಕಂಡಕ್ಟರ್ ಮನೆ.

ಅವರಿಬ್ಬರೂ ಇಪ್ಪತ್ತೆರಡು ವರ್ಷ ಒಂದೇ ಬಸ್ಸಿನಲ್ಲಿ ದುಡಿದವರು. ಇವರು ಮುಂದೆ, ಅವರು ಹಿಂದೆ, ನಡುವೆ ಒಂದು ಸೀಟಿ. ಎರಡು ವರ್ಷದ ಹಿಂದೆ ಕಂಡಕ್ಟರಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು. ಮಾತೂ ಹೋಗಿತ್ತು, ಒಂದು ಪದ ಬಿಟ್ಟು. ಹಸಿವಾದರೂ, ನೋವಾದರೂ, ಯಾರು ಏನು ಕೇಳಿದರೂ ಅವರು "ರೈಟ್" ಎನ್ನುತ್ತಿದ್ದರು. ಬಸ್ಸು ಬಿಡಲು ಸಾವಿರಾರು ಸಲ ಹೇಳಿದ ಆ ಪದ ಮಾತ್ರ ನಾಲಿಗೆಯಲ್ಲಿ ಉಳಿದಿತ್ತು. ಮಗ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುವವನು. ಬೆಳಗಿನ ಜಾವ ಹೋದರೆ ಬರುವುದು ಸಂಜೆಗೆ. ಸ್ನಾನ ಮಾಡಿಸುವುದು, ಉಣ್ಣಿಸುವುದು, ಎತ್ತಿ ಕೂರಿಸುವುದು, ಹಾಸಿಗೆ ಬದಲಿಸುವುದು ಎಲ್ಲವೂ ಸೊಸೆಯ ತಲೆಯ ಮೇಲೆ. ಮಾವ ಪ್ರತಿ ಶುಕ್ರವಾರ ಅಲ್ಲಿಗೆ ಹೋಗಿ ಗೆಳೆಯನ ಎದುರು ಕೂತು ಎರಡು ಗಂಟೆ ಮಾತಾಡಿ ಬರುತ್ತಿದ್ದರು. ಮಾತೆಲ್ಲ ಇವರದು, ರೈಟ್ ಮಾತ್ರ ಅವರದು.

ಆ ಶುಕ್ರವಾರ ಅಲ್ಲಿ ತೆಗೆದ ಒಂದು ಫೋಟೋವನ್ನು ಮಾವ ನಿವೃತ್ತ ಬಸ್ಸಿನವರ ಗುಂಪಿಗೆ ಕಳಿಸಿದರು. ಕಂಡಕ್ಟರು ಊಟದ ತಟ್ಟೆಯ ಮುಂದೆ ಕೂತಿದ್ದಾರೆ, ಕಣ್ಣು ಬಿಗಿಯಾಗಿ ಮುಚ್ಚಿದ್ದಾರೆ, ಮುಖ ಕಿವುಚಿದೆ. ಸೊಸೆ ಅವರ ಮೇಲೆ ಬಾಗಿ, ಹುಬ್ಬು ಗಂಟಿಕ್ಕಿ, ಕೈ ಎತ್ತಿದ್ದಾಳೆ. ಕೆಳಗೆ ಮಾವ ಬೆರಳೊತ್ತಿ ಬರೆದಿದ್ದರು: "ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಕಂಡಕ್ಟರಿಗೆ ಸೊಸೆಯಿಂದ ದಂಡ." ಗುಂಪಿನ ಮುದುಕರೆಲ್ಲ ನಗುವ ಮುಖಗಳನ್ನು ಹಾಕಿದರು. ಅವರಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಅದನ್ನು ಕಂಡಕ್ಟರ್ ಮಗಳಿಗೆ ದಾಟಿಸಿದ. ಅವಳು ಬೇರೆ ಊರಿನಲ್ಲಿ ಶಾಲೆಯೊಂದರ ಹೆಡ್ ಮಿಸ್. ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳುವುದು ಅವಳ ಕೆಲಸದಲ್ಲಿ ಇರಲಿಲ್ಲ.

ಸೋಮವಾರ ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದಾಗ ಕಂಡಕ್ಟರ್ ಸೊಸೆ ಬಂದು ಬಾಗಿಲಲ್ಲಿ ನಿಂತಳು. ನಡೆದು ಬಂದಿದ್ದಳು ಎಂದು ಕಾಣುತ್ತದೆ, ಏದುಸಿರು ಬಿಡುತ್ತಿದ್ದಳು.

"ಎಲ್ಲಿ ನಿಮ್ಮ ಮಾವ?"

"ಒಳಗಿದಾರೆ. ಕೂತ್ಕೊಳಮ್ಮ, ಏನಾಯ್ತು?"

"ಕೂರೋಕೆ ಬಂದಿಲ್ಲ ಅಕ್ಕ. ಎರಡು ವರ್ಷದಿಂದ ಯಾವ ನಾದಿನಿ ಒಂದು ದಿನ ಬಂದು ಅಪ್ಪನ ಮುಖ ತೊಳೆದಿಲ್ವೋ, ಅವರು ನಿನ್ನೆ ಫೋನ್ ಮಾಡಿ ನನ್ನನ್ನ ಕೇಳ್ತಾರೆ, ದಿನಕ್ಕೆ ಎಷ್ಟು ಸಲ ಹೊಡೀತೀಯ ಅಂತ. ಪೊಲೀಸಿಗೆ ಕೊಡ್ತೀನಿ ಅಂತಾರೆ. ಊರಿನವರ ಫೋನಲ್ಲೆಲ್ಲ ನಾನು ಮಾವನಿಗೆ ಕೈ ಎತ್ತಿರೋ ಚಿತ್ರ ಓಡಾಡ್ತಿದೆ. ನಿಮ್ಮ ಮಾವನಿಗೆ ಪ್ರತಿ ಶುಕ್ರವಾರ ಚಹಾ ಮಾಡಿ ಕೊಟ್ಟಿದ್ದಕ್ಕೆ ಇದಾ?"

ಮಾವ ಒಳಗಿನಿಂದ ಬಂದರು. ಮುಖ ಬಿಳಿಚಿತ್ತು. "ಅಯ್ಯೋ ಮಗಳೇ, ನಾನು ತಮಾಷೆಗೆ..."

"ನಿಮ್ಮ ತಮಾಷೆ ನಿಮ್ಮನೇಲಿ ಇಟ್ಕೊಳ್ಳಿ. ಇನ್ನು ನಮ್ಮ ಮನೆ ಮೆಟ್ಟಿಲು ಹತ್ತಬೇಡಿ." ಇಷ್ಟು ಹೇಳಿ ಅವಳು ಬಂದ ದಾರಿಯಲ್ಲೇ ಹೋದಳು.

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಟೈಲರಮ್ಮ ಕೈ ಚಾಚಿದಳು. ಮಾವ ಫೋನು ಕೊಟ್ಟರು.

ಗಿರಾಕಿಗಳು ಹೋದ ಮೇಲೆ ಅವಳು ಯಂತ್ರದ ಮುಂದೆಯೇ ಕೂತು ಅಳಿಸಲು ಶುರುಮಾಡಿದಳು. ಎಲ್ಲವನ್ನೂ ಒಟ್ಟಿಗೆ ಹೇಗೆ ಅಳಿಸುವುದೋ ಅವಳಿಗೆ ಗೊತ್ತಿರಲಿಲ್ಲ, ಹೇಳಿಕೊಡಬೇಕಾದ ಮಗಳು ಕಾಲೇಜಿನಲ್ಲಿದ್ದಳು. ಒಂದೊಂದನ್ನೇ ತೆರೆದು, ನೋಡಿ, ಒತ್ತಬೇಕಾಯಿತು. ಮೀನಿನ ಬುಟ್ಟಿಯವನು ಹೋದ. ಬೆಂಚಿನ ಮೇಲೆ ಕೂತ ಗೆಳೆಯರು ಹೋದರು. ಪಿನ್ನು ಕಚ್ಚಿಕೊಂಡ ತನ್ನ ಮುಖವೇ ಹತ್ತಾರು ಸಲ ಬಂತು, ಹೋಯಿತು. ಕಂಡಕ್ಟರ್ ಮನೆಯ ಶುಕ್ರವಾರಗಳು ಒಂದರ ಹಿಂದೊಂದು ಬಂದವು. ಆ ಕೈ ಎತ್ತಿದ ಫೋಟೋದ ಪಕ್ಕದಲ್ಲೇ ಅದರ ಜೊತೆಯ ಇನ್ನೆರಡು ಇದ್ದವು. ಅವನ್ನು ನೋಡಿ ಅವಳ ಬೆರಳು ಒಂದು ಗಳಿಗೆ ನಿಂತಿತು. ಆದರೆ ಕೋಪ ಮೂಗಿನ ತುದಿಯಲ್ಲಿತ್ತು. ಒತ್ತಿದಳು. ಪಾತ್ರೆ ತೊಳೆದ ಮೇಲೆ ತೊಟ್ಟಿಯನ್ನೂ ತಿಕ್ಕಿ ತೊಳೆಯುವ ಹೆಂಗಸು ಅವಳು. ಫೋನಿನೊಳಗೆ ಕಸದ ಬುಟ್ಟಿಯ ಚಿತ್ರವೊಂದು ಕಂಡಿತು, ಅದನ್ನೂ ಖಾಲಿ ಮಾಡಿ ಎದ್ದಳು.

ಎರಡು ವಾರ ಮನೆ ತಣ್ಣಗಿತ್ತು. ಮಾವ ಹೊತ್ತಿಗೆ ಸರಿಯಾಗಿ ಉಂಡು, ತಟ್ಟೆ ತೊಳೆದಿಟ್ಟು, ಕುರ್ಚಿಗೆ ಹೋಗುತ್ತಿದ್ದರು. "ಅಪ್ಪನ ಫೋನು ಕೊಟ್ಟುಬಿಡೇ," ಎಂದ ಗಂಡ ಒಂದು ದಿನ. "ನೀವು ಒಂದು ಮಾತು ಹೇಳಿದ್ದಿದ್ರೆ ಕಿತ್ತುಕೊಳ್ಳೋ ಪ್ರಮೇಯ ಬರ್ತಿರಲಿಲ್ಲ," ಎಂದಳು ಅವಳು. ಅವನು ಪಂಪಿನ ಸಾಮಾನು ತೆಗೆದುಕೊಂಡು ಹೊರಟ.

ಅದು ಎರಡನೆಯ ವಾರದ ಶನಿವಾರ. ಕಂಡಕ್ಟರ್ ಸೊಸೆ ಮತ್ತೆ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು.

"ಅಕ್ಕ, ಅವತ್ತು ಬಾಯಿಗೆ ಬಂದ ಹಾಗೆ ಮಾತಾಡ್ದೆ. ಈಗ ನಾನೇ ಕೇಳೋಕೆ ಬಂದಿದೀನಿ. ನಾಳೆ ನಾದಿನಿ ಬರ್ತಿದಾರೆ, ಮಾವನನ್ನ ವೃದ್ಧಾಶ್ರಮಕ್ಕೆ ಸೇರಿಸ್ತಾರಂತೆ. ನಮ್ಮನೆಯವರು ಅಕ್ಕನ ಎದುರು ಬಾಯಿ ಬಿಡಲ್ಲ. ಆ ಫೋಟೋ ತೆಗೆದ ಹೊತ್ತಲ್ಲಿ ಮಾವನಿಗೆ ಸೀನು ಬಂದಿತ್ತು. ತಟ್ಟೆಗೆಲ್ಲ ಸಿಡಿಯುತ್ತೆ ಅಂತ ಬಾಯಿಗೆ ಕೈ ಅಡ್ಡ ಹಿಡಿಯೋಕೆ ಹೋದೆ. ಹೇಳಿದ್ರೆ ಯಾರು ನಂಬ್ತಾರೆ? ನಿಮ್ಮ ಮಾವ ಯಾವಾಗಲೂ ಮೂರು ಮೂರು ತೆಗೀತಾರಲ್ಲ. ಇನ್ನೊಂದು ಫೋಟೋ ಇರಬೇಕು. ಅದನ್ನ ತೋರಿಸಿದ್ರೆ ಸಾಕು."

ಟೈಲರಮ್ಮನ ಕಾಲು ಕರೆಂಟಿನ ಹೊಲಿಗೆ ಯಂತ್ರದ ಪೆಡಲಿನ ಮೇಲೆ ಹಾಗೇ ನಿಂತಿತು.

"ಇತ್ತು," ಎಂದಳು. "ನಾನು ಅಳಿಸಿದೆ."

ಮಗಳನ್ನು ಕರೆದರು. ಮಗಳು ಫೋನನ್ನು ತಿರುಗಿಸಿ ಮುರುಗಿಸಿ, ಅಲ್ಲಿ ಇಲ್ಲಿ ಒತ್ತಿ ನೋಡಿದಳು. "ಕಸದ ಬುಟ್ಟಿನೂ ಖಾಲಿ ಮಾಡಿದೀಯಲ್ಲಮ್ಮ. ಅದೊಂದು ಬಿಟ್ಟಿದ್ರೂ ಒಂದು ತಿಂಗಳು ಇರ್ತಿತ್ತು. ಯಾರು ಹೇಳಿದ್ರು ನಿನಗೆ ಅಷ್ಟು ಶುಚಿ ಮಾಡು ಅಂತ?"

ಕಂಡಕ್ಟರ್ ಸೊಸೆ ಅಳಲಿಲ್ಲ, ಬೈಯಲೂ ಇಲ್ಲ. "ಹೋಗ್ಲಿ ಬಿಡಿ ಅಕ್ಕ, ನಿಮಗೇನು ಗೊತ್ತಿತ್ತು," ಎಂದು ಎದ್ದಳು. ಬೈದಿದ್ದರೆ ಟೈಲರಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆ ರಾತ್ರಿ ಊಟದ ಹೊತ್ತಿಗೆ ಅವಳು ಗಂಡನ ಮೇಲೂ ರೇಗಿದಳು, ಮಗಳ ಮೇಲೂ ರೇಗಿದಳು. ಬೇಳೆಗೆ ಎರಡು ಸಲ ಉಪ್ಪು ಬಿದ್ದಿತ್ತು, ಎಲ್ಲರೂ ನೀರು ಕುಡಿಕುಡಿದು ತಿಂದರು. ಮಾವ ಕೈ ತೊಳೆದು ಬಂದು ಹೇಳಿದರು: "ನಾಳೆ ನಾನು ಹೋಗ್ತೀನಿ. ಮೆಟ್ಟಿಲು ಹತ್ತಬೇಡ ಅಂದಿದಾಳೆ, ಕೆಳಗೇ ನಿಂತು ಹೇಳ್ತೀನಿ."

"ನೀವು ಹೇಳಿದ್ರೆ ನಂಬಲ್ಲ ಮಾವ. ದಂಡ ಅಂತ ಬರೆದವರೇ ನೀವು."

"ಮತ್ತೆ ಯಾರು ಹೇಳೋದು?"

"ನಾನೂ ಬರ್ತೀನಿ," ಎಂದಳು ಟೈಲರಮ್ಮ. ಹಾಗೆಂದಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಮರುದಿನ ಕೊಡಬೇಕಾದ ಬಟ್ಟೆ ಗುಡ್ಡೆಯಾಗಿ ಬಿದ್ದಿತ್ತು.

ಕಂಡಕ್ಟರ್ ಮನೆಯ ಹಜಾರದಲ್ಲಿ ಹೆಡ್ ಮಿಸ್ ಕುರ್ಚಿಯ ತುದಿಯಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಅವಳ ತಮ್ಮ ಗೋಡೆಗೆ ಒರಗಿ ನಿಂತಿದ್ದ, ಮುಂಗೈಯಲ್ಲಿ ಒಲೆಯ ಸುಟ್ಟ ಗಾಯಗಳು. ಸೊಸೆ ಅಡುಗೆಮನೆಯ ಬಾಗಿಲಲ್ಲಿದ್ದಳು. ಕಂಡಕ್ಟರು ಕಿಟಕಿಯ ಹತ್ತಿರ ದಿಂಬಿಗೆ ಒರಗಿದ್ದರು. ಗೆಳೆಯನನ್ನು ಕಂಡು ಎಡಗೈ ಎತ್ತಿ "ರೈಟ್" ಎಂದರು.

"ಬಂದದ್ದು ಒಳ್ಳೇದಾಯ್ತು," ಎಂದಳು ಹೆಡ್ ಮಿಸ್ ಮಾವನಿಗೆ. "ಫೋಟೋ ತೆಗೆದವರು ನೀವು. ನಿಮ್ಮ ಕಣ್ಣೆದುರೇ ಆದದ್ದು."

"ಸೀನು ಬಂದಿತ್ತಮ್ಮ ಅವನಿಗೆ."

"ದಂಡ ಅಂತ ಬರೆದಿದ್ರಿ."

"ಅದು ತಮಾಷೆ."

"ಎರಡರಲ್ಲಿ ಒಂದು ಹೇಳಿ." ಅವಳು ತಂದೆಯ ಕಡೆ ತಿರುಗಿದಳು. ದನಿ ಮೆತ್ತಗಾಯಿತು. "ಅಪ್ಪಾ, ನನಗೆ ನಿಜ ಹೇಳು. ಇವಳು ನಿನಗೆ ಹೊಡೀತಾಳಾ?"

"ರೈಟ್," ಎಂದರು ಕಂಡಕ್ಟರು.

ಸೊಸೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಮಾವ ಗೆಳೆಯನ ಮಗ್ಗುಲಲ್ಲಿ ಹೋಗಿ ಕೂತರು. "ಏನಯ್ಯಾ, ನಿನ್ನ ಮಗಳು ನಿನಗೆ ಹೊಡೀತಾಳಾ?"

"ರೈಟ್."

"ನಾನು ಹೊಡೀತೀನಾ?"

"ರೈಟ್, ರೈಟ್." ಅರ್ಧ ಮುಖ ನಕ್ಕಿತು.

ಹೆಡ್ ಮಿಸ್ ತುಟಿ ಬಿಗಿದಳು. "ಅವರಿಗೆ ಹೇಳೋಕೆ ಆಗಲ್ಲ ಅಂತಲೇ ನನಗೆ ಹೆದರಿಕೆ. ಹೇಳೋಕೆ ಬಾರದವರಿಗೆ ಏನು ಬೇಕಾದ್ರೂ ಮಾಡಬಹುದು."

ಆ ಮಾತು ಸುಳ್ಳಲ್ಲ ಎಂದು ಟೈಲರಮ್ಮನಿಗೂ ಅನ್ನಿಸಿತು. ಅದಕ್ಕೇ ಬಾಯಿ ತೆರೆಯುವುದು ಇನ್ನಷ್ಟು ಕಷ್ಟವಾಯಿತು.

"ಇನ್ನೆರಡು ಫೋಟೋ ಇದ್ವು," ಎಂದಳು. "ಎರಡನೇದರಲ್ಲಿ ನಿಮ್ಮ ತಂದೆ ಮುಖ ಅಲ್ಲಾಡಿ ಮಸುಕಾಗಿದೆ. ಇವಳ ಅಂಗೈ ಅವರ ಬಾಯಿಗೆ ಅಡ್ಡ ಇದೆ. ಮೂರನೇದರಲ್ಲಿ ಇವಳ ತೋಳಿನ ತುಂಬ ಅನ್ನದ ಅಗುಳು. ನಿಮ್ಮ ತಂದೆ ನಗ್ತಿದಾರೆ, ಈಗ ನಕ್ಕರಲ್ಲ, ಹಾಗೇ ಎಡಗಡೆಯಿಂದ. ಇವಳು ತೋಳು ನೋಡ್ಕೊಂಡು ಬೈತಾ ಬೈತಾ ನಗ್ತಿದಾಳೆ."

"ಎಲ್ಲಿವೆ ಆ ಫೋಟೋ?"

"ಅಳಿಸಿದೀನಿ."

"ಅನುಕೂಲವಾಯ್ತಲ್ಲ."

"ಯಾರಿಗೆ ಅನುಕೂಲ? ಇಟ್ಟಿದ್ರೆ ಇಲ್ಲಿಗೆ ಬಂದು ನಿಮ್ಮ ಎದುರು ನಿಲ್ಲೋ ಅವಶ್ಯಕತೆ ನನಗೆ ಇರ್ಲಿಲ್ಲ. ಮಗಳ ಕೈಲಿ ಕಳಿಸಿ ಮನೇಲಿ ಹೊಲಿಗೆ ಹಾಕ್ತಿದ್ದೆ." ಟೈಲರಮ್ಮನ ದನಿ ಈಗ ಅವಳ ಅಂಗಡಿಯ ದನಿಯಾಗಿತ್ತು. "ಒಟ್ಟಿಗೆ ಅಳಿಸೋಕೆ ನನಗೆ ಬರಲ್ಲ. ಆರು ತಿಂಗಳ ಫೋಟೋ ಒಂದೊಂದಾಗಿ ನೋಡಿ ಅಳಿಸಿದೀನಿ. ನೋಡಿದ್ದನ್ನ ನೋಡಿಲ್ಲ ಅನ್ನೋಕೆ ಆಗಲ್ಲ. ಉಗುರು ಕತ್ತರಿಸ್ತಿರೋದು ನೋಡಿದೆ. ಪಾದಕ್ಕೆ ಎಣ್ಣೆ ಹಚ್ತಿರೋದು ನೋಡಿದೆ. ಅವರು ತಿಂತಾ ಇದ್ರೆ ಇವಳು ಚಮಚ ಹಿಡಿದೇ ಕೂತಲ್ಲಿ ತೂಕಡಿಸ್ತಿರೋದು ನೋಡಿದೆ. ನಾನು ಬಟ್ಟೆ ನೋಡೋಳು. ಮುಖ ಮರೀಬಹುದು, ಹೊಲಿಗೆ ಮರೆಯಲ್ಲ. ನಿಮ್ಮ ತಂದೆ ಮೈಮೇಲೆ ಪ್ರತಿ ಶುಕ್ರವಾರ ಬೇರೆ ಅಂಗಿ. ಒಗೆದದ್ದು, ಇಸ್ತ್ರಿ ಹಾಕಿದ್ದು, ಒಂದು ಗುಂಡಿ ತಪ್ಪಿಲ್ಲ. ಇವಳ ಮೈಮೇಲೆ ಒಂದೇ ನೀಲಿ ಅಂಗಿ, ಕಂಕುಳಲ್ಲಿ ಹೊಲಿಗೆ ಬಿಚ್ಚಿದ್ದು. ಆರು ತಿಂಗಳ ಹಿಂದಿನ ಫೋಟೋದಲ್ಲೂ ಬಿಚ್ಚಿತ್ತು, ಕಡೇ ಶುಕ್ರವಾರದ ಫೋಟೋದಲ್ಲೂ ಬಿಚ್ಚೇ ಇತ್ತು."

ಸೊಸೆ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದಳು. ಎಲ್ಲರೂ ಅತ್ತ ನೋಡಿದರು. ಅವಳು ತೊಟ್ಟದ್ದು ಅದೇ ನೀಲಿ ಅಂಗಿ.

"ಅಕ್ಕ," ಎಂದ ಗೋಡೆಗೆ ಒರಗಿದ್ದ ತಮ್ಮ. ಮುಂದಕ್ಕೆ ಏನೋ ಹೇಳಹೊರಟು, ಗಂಟಲು ಸರಿಮಾಡಿಕೊಂಡು, ಅಷ್ಟಕ್ಕೇ ನಿಲ್ಲಿಸಿದ. ಅವನ ಮಟ್ಟಿಗೆ ಅದೇ ದೊಡ್ಡ ಭಾಷಣ.

ಹೆಡ್ ಮಿಸ್ ಕೈಚೀಲದ ಕೊಂಡಿ ತೆರೆದಳು, ಮುಚ್ಚಿದಳು. "ನೀವು ಅವಳ ಕಡೆಯವರು. ನಾನು ನಂಬಬೇಕು ಅಂತೇನಿಲ್ಲ."

"ನಂಬಬೇಡಿ. ರಜಾ ಎಷ್ಟು ದಿನ ಹಾಕಿದೀರಿ?"

"ಒಂದು ವಾರ. ಆಶ್ರಮದ ವ್ಯವಸ್ಥೆ ಆಗಬೇಕಲ್ಲ."

"ಹಾಗಾದ್ರೆ ಆ ಒಂದು ವಾರ ನೀವೇ ನೋಡ್ಕೊಳ್ಳಿ. ಇವಳನ್ನ ನಾನು ಕರ್ಕೊಂಡು ಹೋಗ್ತೀನಿ. ಆಮೇಲೆ ಆಶ್ರಮವೋ ಪೊಲೀಸೋ ನಿಮ್ಮಿಷ್ಟ."

"ಅಯ್ಯೋ ಬೇಡ ಅಕ್ಕ, ರಾತ್ರಿ ಮಗ್ಗುಲು ಬದಲಿಸಬೇಕು, ಅವರಿಗೆ ಗೊತ್ತಾಗಲ್ಲ," ಎಂದಳು ಸೊಸೆ.

"ನನ್ನಪ್ಪನ ಮಗ್ಗುಲು ಬದಲಿಸೋಕೆ ನನಗೆ ನಿನ್ನ ಪಾಠ ಬೇಡ," ಎಂದಳು ಹೆಡ್ ಮಿಸ್. ಹಾಗೆ ಅಂದದ್ದೇ ತಡ, ಅವಳು ಸಿಕ್ಕಿಬಿದ್ದಳು.

ಕಂಡಕ್ಟರ್ ಸೊಸೆ ಟೈಲರಮ್ಮನ ಮಗಳ ಕೋಣೆಯಲ್ಲಿ ಮೊದಲ ಎರಡು ದಿನ ನಿದ್ದೆ ಮಾಡಿದಳು. ಊಟಕ್ಕೆ ಎಬ್ಬಿಸಿದರೆ ಎದ್ದು, ಉಂಡು, ಮತ್ತೆ ಮಲಗಿದಳು. "ನನ್ನ ಪುಸ್ತಕ ಒಳಗಿದೆ, ಪರೀಕ್ಷೆ ಇದೆ," ಎಂದು ಮಗಳು ಗೊಣಗಿದಳು. ಟೈಲರಮ್ಮ ಕಂಡಕ್ಟರ್ ಸೊಸೆಯ ಮೈಮೇಲಿದ್ದ ಅಂಗಿಯನ್ನು ಬಿಚ್ಚಿಸಿ ಕಂಕುಳ ಹೊಲಿಗೆ ಹಾಕಿದಳು. ಬಟ್ಟೆ ಜಾಳಾಗಿ ದಾರ ನಿಲ್ಲಲಿಲ್ಲ. ಬೈದುಕೊಂಡು ಹೊಸದೊಂದನ್ನು ಕತ್ತರಿಸಿದಳು. ಮೂರನೆಯ ದಿನ ಎದ್ದವಳು ಕೈ ಕಟ್ಟಿ ಕೂರಲಿಲ್ಲ, ಅಡುಗೆಮನೆಗೆ ನುಗ್ಗಿ ಡಬ್ಬಗಳನ್ನೆಲ್ಲ ತನ್ನ ಮನೆಯ ಕ್ರಮದಲ್ಲಿ ಜೋಡಿಸಿಟ್ಟಳು. ಸಕ್ಕರೆ ಹುಡುಕಲು ಟೈಲರಮ್ಮನಿಗೆ ಮುಂದೆ ಹದಿನೈದು ದಿನ ಹಿಡಿಯಿತು.

ಐದನೆಯ ದಿನ ಬೇಕರಿಯಲ್ಲಿದ್ದ ಅವಳ ಗಂಡ ಬಂದು ಕರೆದುಕೊಂಡು ಹೋದ. ಎರಡು ದಿನ ಬಿಟ್ಟು ಅವಳು ಬಂದು ಸುದ್ದಿ ಹೇಳಿದಳು. ಹೆಡ್ ಮಿಸ್ ಹೊರಟುಹೋಗಿದ್ದಳು. ಆಶ್ರಮದ ಮಾತು ಬಿದ್ದುಹೋಗಿತ್ತು. ಇನ್ನು ಮೇಲೆ ತಿಂಗಳಿಗೊಂದು ವಾರ ಅಪ್ಪ ತನ್ನ ಮನೆಯಲ್ಲಿರಲಿ ಎಂದಿದ್ದಳಂತೆ.

"ತಪ್ಪಾಯ್ತು ಅಂದ್ರಾ?" ಎಂದು ಕೇಳಿದಳು ಟೈಲರಮ್ಮ.

"ಅವರು ಅನ್ನೋರಾ? ಹೋಗುವಾಗ ಬೆನ್ನುನೋವಿಗೆ ಹಚ್ಕೊಳ್ಳೋ ಮುಲಾಮಿನ ಡಬ್ಬಿ ನನ್ನ ಕೈಗಿಟ್ಟು ಹೋದ್ರು. ಹೊಸದು ಅಂದ್ಕೊಂಡೆ. ಮುಚ್ಚಳ ತೆಗೆದು ನೋಡಿದ್ರೆ ಅರ್ಧ ಖಾಲಿ."

ಇಬ್ಬರೂ ನಕ್ಕರು. ಒಳಗಿದ್ದ ಮಾವನಿಗೆ ಕೇಳಿಸುವಷ್ಟು ನಕ್ಕರು. "ಮಾವ, ನೀವು ಶುಕ್ರವಾರ ಬನ್ನಿ," ಎಂದು ಅವಳು ಕೂಗಿ ಹೇಳಿ ಹೋದಳು.

ಮಾವ ಹೋಗಲಿಲ್ಲ. ಟೈಲರಮ್ಮ ಫೋನನ್ನು ಹಿಂದಿರುಗಿಸಿದ್ದಳು, ಅವರು ಅದನ್ನು ಪೇಪರುಗಳ ಮೇಲೆ ಮಗುಚಿಟ್ಟಿದ್ದರು. ಆದರೆ ಮೊದಲಿನ ಹಾಗೆ ಮೂಲೆಯ ಕುರ್ಚಿಯಲ್ಲಿ ಕೂರಲೂ ಅವರಿಂದ ಆಗಲಿಲ್ಲ. ಆರು ತಿಂಗಳು ಊರು ಸುತ್ತಿದ ಕಾಲು. ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ ಗಾತ್ರಗಳನ್ನೆಲ್ಲ ಬೆರೆಸಿಟ್ಟರು. ಕತ್ತರಿಗೆ ಎಣ್ಣೆ ಹಾಕಿ ಬಿಳಿ ಬಟ್ಟೆಗೆ ಕಲೆ ಮಾಡಿದರು. ಬಂದ ಗಿರಾಕಿಗಳಿಗೆಲ್ಲ ತೋಳು ಸ್ವಲ್ಪ ಸಡಿಲ ಇರಲಿ ಎಂದು ಸಲಹೆ ಕೊಟ್ಟರು. ಅಡುಗೆಮನೆಗೆ ಬಂದು ಉರಿ ಜಾಸ್ತಿಯಾಯಿತು ಎಂದರು.

"ಅವರಿಗೆ ಏನಾದ್ರೂ ಹೇಳ್ರೀ," ಎಂದಳು ಗಂಡನಿಗೆ.

"ಈಗ ಫೋಟೋ ತೆಗೀತಿಲ್ವಲ್ಲ," ಎಂದ ಗಂಡ.

ಮೂರನೆಯ ವಾರ, ಕಂಡಕ್ಟರನ್ನು ಹೆಡ್ ಮಿಸ್ ಮನೆಗೆ ಕರೆದುಕೊಂಡು ಹೋದ ಮರುದಿನ, ಮಾವ ಟೈಲರಮ್ಮ ಬಟ್ಟೆಯ ಮೇಲೆ ಗುರುತು ಹಾಕಿಟ್ಟಿದ್ದ ಸೀಮೆಸುಣ್ಣದ ಗೆರೆಗಳನ್ನು ಧೂಳೆಂದುಕೊಂಡು ಚೆನ್ನಾಗಿ ಒರೆಸಿಟ್ಟರು. ಟೈಲರಮ್ಮ ಬಟ್ಟೆ ಕೆಳಗಿಟ್ಟಳು.

"ಮಾವ, ಏಳಿ. ಅಂಗಿ ಬದಲಾಯಿಸಿ. ಹತ್ತೂವರೆ ಬಸ್ಸಿಗೆ ಹೋಗಿ ನಿಮ್ಮ ಸ್ನೇಹಿತರನ್ನ ನೋಡ್ಕೊಂಡು ಬನ್ನಿ."

"ಆ ಹೆಡ್ ಮಿಸ್ ಮನೆಗಾ? ಒಳಗೆ ಬಿಡ್ತಾಳಾ ಅವಳು?"

"ಬಿಡದಿದ್ರೆ ಬಾಗಿಲಲ್ಲೇ ಮಾತಾಡಿಸಿ ಬನ್ನಿ. ಇಲ್ಲಿ ಮಾತ್ರ ಇರಬೇಡಿ. ನಿಮಗೆ ಕೈ ಮುಗೀತೀನಿ. ಫೋನೂ ತಗೊಂಡು ಹೋಗಿ."

ಮಾವ ಅವಳನ್ನು ದಿಟ್ಟಿಸಿದರು. "ತೆಗೀಬಹುದಾ?"

"ತೆಗೀರಿ. ಯಾರಿಗೂ ಕಳಿಸಬೇಡಿ, ಏನೂ ಬರೀಬೇಡಿ. ಮೊದಲು ನನಗೆ ತಂದು ತೋರಿಸಿ. ಮೂರನ್ನೂ."

ಅಂಗಿ ಬದಲಾಯಿಸಿ, ತಲೆ ಬಾಚಿ, ಪಾಸು ಜೇಬಿಗಿಟ್ಟುಕೊಂಡು ಮಾವ ಐದೇ ನಿಮಿಷದಲ್ಲಿ ತಯಾರಾದರು. ಮೆಟ್ಟಿಲವರೆಗೆ ಹೋದವರು ಅಲ್ಲೇ ನಿಂತು ಫೋನನ್ನು ಅಲುಗಿಸಿ ನೋಡಿ, ತಿರುಗಿ ಬಂದರು.

"ಅಮ್ಮಾ, ಇದರಲ್ಲಿ ಚಾರ್ಜೇ ಇಲ್ಲ."

ಟೈಲರಮ್ಮ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಮುಂದಿನ ಬಸ್ಸು ಹನ್ನೆರಡಕ್ಕೆ. ಹನ್ನೊಂದಕ್ಕೆ ಗಿರಾಕಿ ಬರುವವಳಿದ್ದಳು, ಬಟ್ಟೆಗೆ ಇನ್ನೂ ತೋಳು ಕೂಡಿಸಿರಲಿಲ್ಲ. ಮನೆಯೊಳಗಿನ ಪ್ಲಗ್ಗು ಕೆಟ್ಟಿತ್ತು, ಅಂಗಡಿಯಲ್ಲಿ ಇದ್ದದ್ದು ಒಂದೇ ಪ್ಲಗ್ಗು.

"ಕೂತ್ಕೊಳ್ಳಿ," ಎಂದಳು. ಹೊಲಿಗೆ ಯಂತ್ರದ ವೈರು ಕಿತ್ತು, ಆ ಜಾಗಕ್ಕೆ ಚಾರ್ಜರು ಸಿಕ್ಕಿಸಿ, ತೋಳನ್ನು ಕೈಯಲ್ಲೇ ಹೊಲಿಯಲು ಸೂಜಿಗೆ ದಾರ ಪೋಣಿಸತೊಡಗಿದಳು.